ಉಗ್ಗನ್ನು ಬಚ್ಚಿಡುವುದೇ ದೊಡ್ಡ ಕಷ್ಟ

"ಮಾತಿನ ಮಧ್ಯೆ 'ಅಂದ್ರೆ', 'ಏನಪ್ಪಾ ಅಂದ್ರೆ' ಜಾಸ್ತಿ ಬರುತ್ತೆ, ಬಿಡಿಸಿಕೊಡಿ" ಎಂದು ಕೇಳಿಕೊಂಡು ಎಷ್ಟೋ ಜನ ನನ್ನಂಥ ವಾಕ್ ಚಿಕಿತ್ಸಕರ ಹತ್ತಿರ ಬರುತ್ತಾರೆ. ಕೆಲವರಿಗೆ ಅದು ಬರೀ ಅಭ್ಯಾಸ. ಇನ್ನು ಕೆಲವರಲ್ಲಿ ಆ ಪದದ ಹಿಂದೆ ಉಗ್ಗು ಅಡಗಿರುತ್ತದೆ. ಮುಂದಿನ ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ಅವರಿಗೆ ಮೊದಲೇ ಗೊತ್ತಾಗುತ್ತದೆ. ಅದನ್ನು ಮುಂದೂಡಲು 'ಅಂದ್ರೆ' ಬೇಕಾಗುತ್ತದೆ.

ಕಣ್ಣು ಮಿಟುಕಿಸುವುದು, ತೊಡೆ ತಟ್ಟುವುದು, ಕೆಮ್ಮಿ ಮಾತು ಶುರು ಮಾಡುವುದು ಕೂಡ ಹೀಗೇ ಅಂಟಿಕೊಂಡವು. ಯಾವತ್ತೋ ತೊಡೆ ತಟ್ಟಿದಾಗ ಪದ ಹೊರಗೆ ಬಂತು. ಮೈ ಅದನ್ನು ಕಲಿತುಬಿಟ್ಟಿತು. ಆಮೇಲೆ ಉಪಯೋಗ ಹೋಯಿತು, ಅಭ್ಯಾಸ ಉಳಿಯಿತು.

ಪದ ಬದಲಿಸುವವರಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. 'ಮಜ್ಜಿಗೆ' ಎನ್ನಲಾಗದೆ ಬೇಡದ ಕಾಫಿ ಕುಡಿಯುತ್ತಾರೆ. ಬಾಯಿಗೆ ಸುಲಭವಾದ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು, ಅಲ್ಲಿಂದ ಮನೆಗೆ ನಡೆಯುತ್ತಾರೆ. ಆದರೆ ಸ್ವಂತ ಹೆಸರನ್ನು ಬದಲಿಸಲಾಗುವುದಿಲ್ಲ ಅಲ್ವಾ? ಅದಕ್ಕೇ ಇಂಟರ್‌ವ್ಯೂನಲ್ಲಿ, ಫೋನಿನಲ್ಲಿ ತುಂಬಾ ಜನ ತಡೆಯುವುದು ಹೆಸರಿನ ಹತ್ತಿರವೇ.

ಇದೇ ಜನ ಹಾಡಿದರೆ, ಎಲ್ಲರ ಜೊತೆ ಪ್ರಾರ್ಥನೆ ಹೇಳಿದರೆ ಸಾಮಾನ್ಯವಾಗಿ ಉಗ್ಗುವುದಿಲ್ಲ. ಇದನ್ನು ನೋಡಿ ಮನೆಯವರು "ಧೈರ್ಯ ಇಲ್ಲ ಅಷ್ಟೇ" ಎನ್ನುತ್ತಾರೆ. ಅದು ತಪ್ಪು. ಉಸಿರು, ಗಂಟಲು, ತುಟಿ, ನಾಲಿಗೆಯ ಚಲನೆಯನ್ನು ಮಿದುಳು ಹೊಂದಿಸುವ ರೀತಿಯಲ್ಲೇ ವ್ಯತ್ಯಾಸ ಇರುತ್ತದೆ. ಎಷ್ಟೋ ಸಲ ಅದು ವಂಶದಲ್ಲಿ ಬಂದಿರುತ್ತದೆ. ಹೆದರಿಕೆ ಆಮೇಲೆ ಸೇರಿಕೊಳ್ಳುತ್ತದೆ. ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ, ನಾಲಿಗೆಯ ಕೆಳಗಿನ ಪೊರೆ ಕತ್ತರಿಸಿದರೆ ಉಗ್ಗು ಹೋಗುವುದಿಲ್ಲ.

ಚಿಕಿತ್ಸೆಯಲ್ಲಿ ನಾನು ಮೊದಲು ಬಿಡಿಸುವುದು ಬಚ್ಚಿಡುವುದನ್ನು. 'ಅಂದ್ರೆ' ಇಲ್ಲದೆ ನೇರವಾಗಿ ಪದಕ್ಕೇ ಬನ್ನಿ, ಉಗ್ಗಿದರೆ ಉಗ್ಗಿ ಎನ್ನುತ್ತೇನೆ. ಸ್ವಲ್ಪ ದಿನ ಉಗ್ಗು ಜಾಸ್ತಿಯಾದಂತೆ ಕಾಣಬಹುದು. ಮನೆಯವರು ಗಾಬರಿಯಾಗಬಾರದು. ಒಳಗಿದ್ದದ್ದು ಹೊರಗೆ ಕಾಣುತ್ತಿದೆ, ಅಷ್ಟೇ.

ಆಮೇಲಿನ ಕ್ರಮವನ್ನು ರೂಪಿಸಿದವರು ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವಾನ್ ರೈಪರ್. ಅವರಿಗೂ ಉಗ್ಗು ಇತ್ತು. 'ಬೆಂಗಳೂರು' ಎನ್ನುವಾಗ ತುಟಿ ಬಿಗಿಯಿತು ಎಂದುಕೊಳ್ಳಿ. ಹೇಗೋ ಪದ ಮುಗಿಸಿ. ಮುಂದೆ ಓಡಬೇಡಿ. ಎರಡು ಮೂರು ಸೆಕೆಂಡು ನಿಲ್ಲಿ. ಎಲ್ಲಿ ಬಿಗಿಯಿತು ಎಂದು ಗಮನಿಸಿ. ಮತ್ತೆ ಅದೇ ಪದವನ್ನು ತುಟಿ ಮೆಲ್ಲಗೆ ತಾಗಿಸಿ, ಸಡಿಲವಾಗಿ ಹೇಳಿ. ಇದು ರೂಢಿಯಾದ ಮೇಲೆ ಸಿಕ್ಕಿಕೊಂಡಿರುವಾಗಲೇ ಬಿಗಿ ಬಿಡಿಸಲು ಬರುತ್ತದೆ. ಕೊನೆಗೆ ಪದ ಶುರುವಾಗುವ ಮೊದಲೇ. ಕನ್ನಡಿ ಮುಂದೆ ಮಾಡಿದರೆ ಸಾಲದು. ಅಂಗಡಿಯಲ್ಲಿ, ಫೋನಿನಲ್ಲಿ ಮಾಡಬೇಕು. "ನನಗೆ ಉಗ್ಗು ಇದೆ, ಸ್ವಲ್ಪ ಟೈಮ್ ಕೊಡಿ" ಎಂದು ಮೊದಲೇ ಹೇಳಿಬಿಟ್ಟರೆ ಎಷ್ಟೋ ಭಾರ ಇಳಿಯುತ್ತದೆ. ಉಗ್ಗು ಪೂರ್ತಿ ಹೋಗುತ್ತದೆ ಎಂದು ನಾನು ದೊಡ್ಡವರಿಗೆ ಮಾತು ಕೊಡುವುದಿಲ್ಲ. ಹೇಳಬೇಕಾದ್ದನ್ನು ಹೇಳಿಯೇ ಏಳುವ ಸ್ಥಿತಿಗೆ ಬರಬಹುದು. ನನಗೆ ಅದೇ ದೊಡ್ಡದು.

ಬರೀ ಅಭ್ಯಾಸದ 'ಅಂದ್ರೆ' ಇರುವವರ ಕೆಲಸ ಸುಲಭ. ನಿಮ್ಮ ಮಾತನ್ನೇ ರೆಕಾರ್ಡ್ ಮಾಡಿ ಕೇಳಿ. ಆ ಪದ ಬರುವ ಕಡೆ ಸುಮ್ನೆ ಬಾಯಿ ಮುಚ್ಚಿ ನಿಲ್ಲಿ. ಕೇಳುವವರಿಗೆ ಆ ಮೌನ ಅಷ್ಟು ಉದ್ದ ಅನಿಸುವುದೇ ಇಲ್ಲ.

ಮಕ್ಕಳ ವಿಷಯ ಬೇರೆ. ಉಗ್ಗು ಹೆಚ್ಚಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ, ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. "ನಿಧಾನಕ್ಕೆ ಹೇಳು" ಎನ್ನಬೇಡಿ. ಅವರ ಪದವನ್ನು ನೀವು ಮುಗಿಸಬೇಡಿ. ನೀವೇ ನಿಧಾನವಾಗಿ ಮಾತಾಡಿ. ಆರು ತಿಂಗಳಾದರೂ ಹೋಗದಿದ್ದರೆ, ಮಗು ಮುಖ ಬಿಗಿ ಹಿಡಿದು ಮಾತಾಡುತ್ತಿದ್ದರೆ ಅಥವಾ ಮಾತನ್ನೇ ಬಿಡುತ್ತಿದ್ದರೆ ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರವಾದರೆ ನಿಮ್ಮ ಊರಿನ ಹತ್ತಿರದ ವಾಕ್ ಚಿಕಿತ್ಸಕರಿಗೆ ಮಗುವನ್ನು ತೋರಿಸಿ.