‘ಐ ನೋ ಸರ್’ ಎಂದರೆ ತಪ್ಪೇನು?

ಪ್ರಶ್ನೆ: ಉಡುಪಿಯ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೆಲಸವನ್ನೆಲ್ಲ ವಿವರಿಸಿ ಮುಗಿಸಿದಾಗ ‘ಐ ನೋ ಸರ್’ ಎಂದೆ. ಅವರ ಮುಖ ಬಿಗಿಯಿತು. ‘ಗೊತ್ತಾಯಿತು’ ಎನ್ನಲು ‘ನೋ’ ಆಗುವುದಿಲ್ಲವೇ?

ಉತ್ತರ: ನಿಮ್ಮ ಮನಸ್ಸಿನಲ್ಲಿದ್ದದ್ದು ‘ಗೊತ್ತಾಯಿತು’, ಅವರಿಗೆ ಕೇಳಿಸಿದ್ದು ನಮ್ಮ ಕರಾವಳಿಯ ‘ಗೊತ್ತುಂಟು’. ‘ಗೊತ್ತುಂಟು’ ಮೊದಲೇ ಇರುವ ತಿಳಿವಳಿಕೆ, ‘ಗೊತ್ತಾಯಿತು’ ಈಗಷ್ಟೇ ಆದದ್ದು. ಹತ್ತು ನಿಮಿಷ ಬಿಡಿಸಿ ಹೇಳಿದವರಿಗೆ ‘ಗೊತ್ತುಂಟು ಮಾರಾಯ್ರೆ’ ಎಂದರೆ ಹೇಗಾದೀತೋ ಅವರಿಗೂ ಹಾಗೆಯೇ ಆಗಿರಬೇಕು. ‘ನೋ’ ಇರುವ ಸ್ಥಿತಿಯನ್ನು ಹೇಳುವ ಕ್ರಿಯಾಪದವಾದ್ದರಿಂದಲೇ ‘ಐ ಆ್ಯಮ್ ನೋಯಿಂಗ್’ ಎನ್ನುವುದೂ ಸಲ್ಲದು.

ಕನ್ನಡದ ಒಂದು ‘ಗೊತ್ತಾಯಿತು’ ಇಂಗ್ಲಿಷಿನಲ್ಲಿ ಹಲವು ಪದಗಳಾಗಿ ಒಡೆಯುತ್ತದೆ ಎಂಬುದೇ ಇಲ್ಲಿನ ತೊಡಕು. ಕೊನೆಯ ಬಸ್ಸು ಹೋಯಿತೆಂದು ಯಾರನ್ನೋ ಕೇಳಿ ಗೊತ್ತಾದರೆ ಅದು ‘ಫೌಂಡ್ ಔಟ್’. ಬಸ್ಸು ಹತ್ತಿ, ಕಂಡಕ್ಟರ್ ಟಿಕೆಟಿಗೆ ಕೈಚಾಚಿದಾಗ ಪರ್ಸು ಮನೆಯಲ್ಲೇ ಉಳಿದದ್ದು ಗೊತ್ತಾದರೆ ‘ರಿಯಲೈಸ್ಡ್’. ಯಾರೂ ಹೇಳಲಿಲ್ಲ, ತಾನೇ ಹೊಳೆಯಿತು. ವಿವರಣೆಯ ಒಳಗಿನ ‘ಏಕೆ, ಹೇಗೆ’ ಮನಸ್ಸಿಗೆ ಇಳಿದರೆ ‘ಅಂಡರ್‌ಸ್ಟ್ಯಾಂಡ್’.

ಈ ಕೊನೆಯದಕ್ಕೆ, ವೇಷ-ಕುಣಿತಗಳಿಲ್ಲದೆ ಕುಳಿತು ಹಾಡು-ಮಾತುಗಳಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಭಾಗವತರು ಹಾಡುವ ಪದ್ಯ ಬಾಯಿಪಾಠವಿರುವವರು ಸಭೆಯಲ್ಲಿ ಎಷ್ಟೋ ಮಂದಿ ಇರುತ್ತಾರೆ, ಅವರಿಗೆ ಪದ್ಯ ಗೊತ್ತುಂಟು, ಅಂದರೆ ‘ನೋ’. ಆದರೆ ಕರ್ಣನೋ ವಾಲಿಯೋ ಆ ಹೊತ್ತಿನಲ್ಲಿ ಆ ಮಾತನ್ನೇ ಏಕೆ ಆಡಿದ ಎಂಬುದು ಆ ಪಾತ್ರವಾಗಿ ಮಾತಾಡುವ ಅರ್ಥಧಾರಿ ಎಳೆ ಎಳೆಯಾಗಿ ಬಿಡಿಸಿದಾಗಲೇ ಮನದಟ್ಟಾಗುತ್ತದೆ. ಭಾಷೆಯ ವಿಷಯದಲ್ಲಿಯೂ ಹೀಗೊಂದು ಅಂತರವುಂಟು. ಮಂಗಳೂರಿಗೆ ಬಂದು ನೆಲಸಿದವರು ‘ತುಳು ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಬರುವುದಿಲ್ಲ’ ಎನ್ನುವಾಗ ಅವರು ತುಳುವನ್ನು ‘ಅಂಡರ್‌ಸ್ಟ್ಯಾಂಡ್’ ಮಾಡುತ್ತಾರೆ. ‘ಐ ನೋ ತುಳು’ ಎಂದರೆ ಮಾತೂ ಬರುತ್ತದೆ ಎಂದು ಕೇಳಿದವರು ತಿಳಿಯುತ್ತಾರೆ.

‘ಅರ್ಥವಾಗು’ ಎನ್ನಲು ಇಂಗ್ಲಿಷಿನಲ್ಲಿರುವ ಇನ್ನೊಂದು ಪದ ‘ಕಾಂಪ್ರಿಹೆಂಡ್’ ಬರವಣಿಗೆಗೆ ಹೊಂದುವ ಗಡಸು ಪದ. ಊಹೆಗೂ ನಿಲುಕದ್ದನ್ನು ಹೇಳುವಾಗ ನಿಷೇಧರೂಪದಲ್ಲಿಯೇ ಹೆಚ್ಚು ಬಳಕೆಯಲ್ಲಿದೆ. ನಿಮ್ಮ ಮ್ಯಾನೇಜರಿಗೆ ‘ಐ ಅಂಡರ್‌ಸ್ಟ್ಯಾಂಡ್ ಸರ್’ ಸಾಕು. ಅವರು ಹೇಳಿದ್ದು ನಿಜವಾಗಿಯೂ ನಿಮಗೆ ಮೊದಲೇ ತಿಳಿದಿದ್ದರೆ ಮಾತ್ರ, ಮಾತು ಆರಂಭವಾಗುವಾಗಲೇ ‘ಐ ನೋ ದಿಸ್ ವರ್ಕ್’ ಎಂದು ಹೇಳಿಬಿಡಿ.