ಗ್ರೇನ್: ಹೆಸರು ತೂಕದ್ದು, ಕೆಲಸ ಅಳತೆಯದ್ದು

ಸಂತೆಯಲ್ಲಿ ಮಂಡಕ್ಕಿ ಮಾರುವವರ ಕೈಯಲ್ಲಿ ತಕ್ಕಡಿಗಿಂತ ಸೇರು ಜಾಸ್ತಿ ಕಾಣುತ್ತದೆ. ಆ ಸೇರಿನಲ್ಲಿ ಅಕ್ಕಿ ಅಳೆದರೂ ಒಂದು ಸೇರೇ, ಮಂಡಕ್ಕಿ ಅಳೆದರೂ ಒಂದು ಸೇರೇ. ಎರಡನ್ನೂ ತೂಗಿದರೆ ಮಾತ್ರ ಎಲ್ಲಿಂದೆಲ್ಲಿಗೂ ಹೊಂದುವುದಿಲ್ಲ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಾಯಿಂದ ಮದ್ದು ತುಂಬುವ ಕೋವಿಯ ವಿಷಯಕ್ಕೆ ಬಂದಾಗ ಇದೇ ಸಂಗತಿ ಎಂಥವರನ್ನೂ ಗಲಿಬಿಲಿ ಮಾಡುತ್ತದೆ. ಅದಕ್ಕೆ ಕಾರಣ 'ಗ್ರೇನ್' ಎಂಬ ಪದ.

ಬಾಯಿಂದ ತುಂಬುವ ಕೋವಿ ಅಂದರೆ ನಮ್ಮ ಮಲೆನಾಡಿನ ಕೇಪಿನ ಕೋವಿ ನೆನಪಿಗೆ ಬರುತ್ತದೆ, ಅಲ್ವಾ? ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ 'ಎಸ್‌ಬಿಎಂಎಲ್' ಎಂದು (ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ ಎಂಬುದರ ಇಂಗ್ಲಿಷ್ ಚುಟುಕು) ಬರೆದಿರುತ್ತದಲ್ಲ, ಅದೇ. ನಳಿಗೆಗೆ ಮಸಿ, ಅಂದರೆ ಕೋವಿಮದ್ದು, ಸುರಿದು, ಮೇಲೆ ಚರೆಯನ್ನೋ ಗುಂಡನ್ನೋ ಹಾಕಿ, ಗಜದಿಂದ ಜಡಿದರೆ ಒಂದು ಈಡು ತಯಾರು. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಇಂಥ ಕೋವಿಯವರ ರಾಷ್ಟ್ರೀಯ ಸಂಘವೊಂದು 1933ರಿಂದ ಇದೆ. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಅವರ ಸ್ಪರ್ಧೆ ನಡೆಯುತ್ತದೆ. ಒಂದು ಈಡಿಗೆ ಎಷ್ಟು ಮಸಿ ಎಂದು ಅಲ್ಲಿ ಯಾರನ್ನೇ ಕೇಳಿ, ಉತ್ತರ ಗ್ರೇನಿನಲ್ಲೇ ಬರುತ್ತದೆ.

ಗ್ರೇನ್ ಅಂದರೆ ಕಾಳು. ಬಾರ್ಲಿ, ಗೋಧಿ ಕಾಳಿನ ತೂಕದಿಂದ ಹುಟ್ಟಿದ ಅಳತೆ ಅದು. ನಮ್ಮ ಅಕ್ಕಸಾಲಿಗರು ಚಿನ್ನಕ್ಕೆ ಗುಲಗಂಜಿ ಇಟ್ಟು ತೂಗುತ್ತಿದ್ದರಲ್ಲ, ಹಾಗೆ. ಒಂದು ಪೌಂಡಿಗೆ 7,000 ಗ್ರೇನ್. ಒಂದು ಗ್ರಾಮಿಗೆ ಹದಿನೈದೂವರೆಗೆ ಸ್ವಲ್ಪ ಕಡಿಮೆ. ಇಲ್ಲಿಯವರೆಗೆ ಎಲ್ಲ ಸರಳ.

ಈಗ ಕೋವಿಯವರ ಮಾತು ಕೇಳಿ: "250 ಗ್ರೇನ್ ಬುಲೆಟ್, 100 ಗ್ರೇನ್ ಮಸಿ." ಮೊದಲನೆಯ ಗ್ರೇನ್ ನಿಜವಾದ ತೂಕ, ಬುಲೆಟ್ಟನ್ನು ತಕ್ಕಡಿಗೆ ಹಾಕಿ ನೋಡಿಕೊಳ್ಳಬಹುದು. ಎರಡನೆಯದು ಸಾಮಾನ್ಯವಾಗಿ ತೂಗಿದ್ದೇ ಅಲ್ಲ, ಅಳೆದದ್ದು. ತೂಗಿದರೆ 100 ಗ್ರೇನ್ ಆಗುವಷ್ಟು ಕರಿಮದ್ದು (ಹಳೆಯ ಕಾಲದ ಕಪ್ಪು ಕೋವಿಮದ್ದು) ಎಷ್ಟು ಜಾಗ ಹಿಡಿಯುತ್ತದೋ ಅಷ್ಟು ಜಾಗ ಎಂದು ಅದರ ಅರ್ಥ. ಒಂದೇ ಉಸಿರಿನಲ್ಲಿ ಒಂದೇ ಪದಕ್ಕೆ ಎರಡು ಅರ್ಥ. ಹೊಸಬರು ಎಡವುವುದು ಇಲ್ಲೇ.

ಅಳೆಯುವ ಸಾಧನ ನೋಡಲು ಚಿಕ್ಕದು, ಬೆರಳುದ್ದದ ಹಿತ್ತಾಳೆ ಕೊಳವೆ. ಒಳಗೆ ಮೇಲೆ ಕೆಳಗೆ ಸರಿಯುವ ಒಂದು ಕಡ್ಡಿ, ಕಡ್ಡಿಯ ಮೇಲೆ ಗೀಟು, ಗೀಟಿನ ಪಕ್ಕ 50, 60, 70 ಎಂದು ಅಂಕಿ. ಬೇಕಾದ ಗೀಟಿಗೆ ಕಡ್ಡಿ ನಿಲ್ಲಿಸಿ ತಿರುಪು ಬಿಗಿ ಮಾಡಬೇಕು. ಮಸಿ ಗೋಪುರವಾಗುವಷ್ಟು ಸುರಿದು, ಕೊಳವೆಯನ್ನು ಬೆರಳಿನಿಂದ ನಾಲ್ಕು ಸಲ ತಟ್ಟಬೇಕು. ಬಾಯಿಗೆ ಕೂಡಿಸಿದ ಪುಟ್ಟ ಆಲಿಕೆಯನ್ನು ಪಕ್ಕದಿಂದ ತಂದು ಕೂರಿಸಿದರೆ ಹೆಚ್ಚಾದದ್ದನ್ನು ಅದೇ ಸವರಿ ತಳ್ಳುತ್ತದೆ. ಅಕ್ಕಿ ಅಳೆಯುವಾಗ ಸೇರಿನ ಬಾಯನ್ನು ಅಂಗೈಯಲ್ಲಿ ಸವರುತ್ತಾರಲ್ಲ, ಅಷ್ಟೇ ಕೆಲಸ. ತಟ್ಟುವುದು ನಾಲ್ಕೇ ಸಲ ಆಗಬೇಕೆಂದಿಲ್ಲ. ಆದರೆ ಇವತ್ತು ನಾಲ್ಕು, ನಾಳೆ ಹತ್ತು ಆಗಬಾರದು. ಜಾಸ್ತಿ ತಟ್ಟಿದಷ್ಟೂ ಮಸಿ ಕುಗ್ಗಿ ಕೂತು, ಅದೇ ಗೀಟಿಗೆ ಹೆಚ್ಚು ಮಸಿ ಹಿಡಿಯುತ್ತದೆ.

ಹಿತ್ತಾಳೆಯ ಕೊಳವೆ ಬರುವ ಮೊದಲು ಜಿಂಕೆ ಕೊಂಬಿನ ತುದಿಯನ್ನು ಕೊರೆದು ಅಳತೆ ಮಾಡಿಕೊಳ್ಳುತ್ತಿದ್ದರು. ಒಂದು ಕೋವಿಗೆ ಒಂದೇ ಕೊಂಬಿನ ಅಳತೆ, ಅಂಕಿಯ ಗೋಜೇ ಇಲ್ಲ. ಮಸಿಯ ದಾಸ್ತಾನು ಇರುತ್ತಿದ್ದುದು ದನದ ಕೊಂಬಿನಲ್ಲಿ. ಆ ಕೊಂಬಿನಿಂದ ಸೀದಾ ನಳಿಗೆಗೆ ಯಾಕೆ ಸುರಿಯಬಾರದು? ಹಿಂದಿನ ಈಡಿನ ಕಿಡಿ ನಳಿಗೆಯ ತಳದಲ್ಲಿ ಉಳಿದಿರಬಹುದು. ಹೊಸ ಮಸಿ ಅದರ ಮೇಲೆ ಬಿದ್ದು ಹೊತ್ತಿಕೊಂಡರೆ, ಕೈಯಲ್ಲಿರುವುದು ಒಂದು ಈಡಿನಷ್ಟೇ ಆಗಿದ್ದರೆ ಬೆರಳು ಸುಡಬಹುದು. ಕೊಂಬೇ ಇದ್ದರೆ ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಅಳತೆ ಕೊಳವೆಯ ಅರ್ಧ ಕೆಲಸ ಅಳೆಯುವುದಾದರೆ ಇನ್ನರ್ಧ ಇದು. ಈಗ ಎಷ್ಟೋ ಜನ ಮನೆಯಲ್ಲೇ ಅಳೆದು ಒಂದೊಂದು ಈಡನ್ನು ಒಂದೊಂದು ಪ್ಲಾಸ್ಟಿಕ್ ನಳಿಕೆಗೆ ತುಂಬಿ ತರುತ್ತಾರೆ. ನಳಿಕೆ ಖಾಲಿ ಇದ್ದರೆ ಮಸಿ ಕೋವಿಯೊಳಗಿದೆ ಎಂದು ಗೊತ್ತಾಗುತ್ತದೆ. ಮಾತಾಡುತ್ತಾ ಮೈಮರೆತು ಎರಡೆರಡು ಸಲ ಸುರಿಯುವ ಪ್ರಮಾದ ತಪ್ಪುತ್ತದೆ.

ಇಷ್ಟೆಲ್ಲ ಬದಲು ಸುಮ್ನೆ ತೂಗಬಹುದಿತ್ತಲ್ಲ? ತೂಗಬಹುದು, ಆದರೆ ಕಾಡಿನಲ್ಲಿ ತಕ್ಕಡಿ ಎಲ್ಲಿಂದ ತರುವುದು! ಮತ್ತೆ ಕರಿಮದ್ದು ಅಷ್ಟು ಕಟ್ಟುನಿಟ್ಟಿನದೂ ಅಲ್ಲ. 70ರ ಜಾಗದಲ್ಲಿ ಒಂದೆರಡು ಗ್ರೇನ್ ಆಚೀಚೆ ಆದರೆ ಹತ್ತಿರದ ಗುರಿಗೆ ಅದೇನೂ ದೊಡ್ಡ ವ್ಯತ್ಯಾಸವಲ್ಲ. ಕಾಳಿನ ಗಾತ್ರ ಮಾತ್ರ ನೋಡಿಕೊಳ್ಳಬೇಕು. 'ಎರಡು ಎಫ್' ದಪ್ಪ ಕಾಳು, 'ಮೂರು ಎಫ್' ಸಣ್ಣದು, ಬೇಗ ಉರಿಯುವಂಥದು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಗೇ ಹಾಕುವಂತಿಲ್ಲ.

ನಿಜವಾದ ತೊಡಕು ಶುರುವಾದದ್ದು 1970ರ ದಶಕದಲ್ಲಿ, ಪೈರೊಡೆಕ್ಸ್ ಎಂಬ ಬದಲಿ ಮದ್ದು ಬಂದ ಮೇಲೆ. ಹಳೆಯ ಕೊಳವೆಯಲ್ಲೇ ಹಳೆಯ ಗೀಟಿಗೇ ಅಳೆಯಲಿ ಎಂದು ಅದನ್ನು ರೂಪಿಸಿದರು. ಆದರೆ ಅದು ಹಗುರ. 100ರ ಗೀಟಿಗೆ ತುಂಬಿ ತೂಗಿದರೆ ಸುಮಾರು 70ರಿಂದ 75 ಗ್ರೇನ್ ಮಾತ್ರ. ಕರಿಮದ್ದು ಅಕ್ಕಿಯಾದರೆ ಇದು ಮಂಡಕ್ಕಿ. (ಸಂತೆ ಮಂಡಕ್ಕಿಯಷ್ಟು ಹಗುರವೇನಲ್ಲ ಬಿಡಿ.) ಈಗ ಯಾರಾದರೂ ಬಲು ಜಾಣತನದಿಂದ ಡಿಜಿಟಲ್ ತಕ್ಕಡಿ ತಂದು, 'ಕರಾರುವಾಕ್ಕಾಗಿ 100 ಗ್ರೇನ್' ಪೈರೊಡೆಕ್ಸ್ ತೂಗಿ ಹಾಕಿದರೆ? ಬೇಕಾದದ್ದಕ್ಕಿಂತ ಮೂರನೇ ಒಂದು ಪಾಲಿಗೂ ಹೆಚ್ಚು ಮಸಿ ಒಳಗೆ ಹೋಗುತ್ತದೆ. ಇಲ್ಲಿ ತಕ್ಕಡಿಗಿಂತ ಕೊಳವೆಯೇ ಸರಿ. ಇನ್ನು ಆಧುನಿಕ ಹೊಗೆರಹಿತ ಮದ್ದು ಬೇರೆಯೇ ಜಾತಿ. ಕರಿಮದ್ದಿಗೆಂದು ಮಾಡಿದ ಕೋವಿಗೆ ಅದನ್ನು ಹಾಕಿದರೆ ನಳಿಗೆಯೇ ಒಡೆಯಬಹುದು. ಅಲ್ಲಿ ಅಳತೆ, ತೂಕ ಯಾವ ಲೆಕ್ಕವೂ ಕಾಪಾಡುವುದಿಲ್ಲ.

ಸೈನ್ಯದವರು ಈ ಅಳೆಯುವ ಕೆಲಸವನ್ನೇ ಸಿಪಾಯಿಯ ಕೈಯಿಂದ ತಪ್ಪಿಸಿದರು. ಮೊದಲೇ ಅಳೆದ ಮಸಿಯನ್ನು ಗುಂಡಿನ ಜೊತೆ ಕಾಗದದಲ್ಲಿ ಸುತ್ತಿ ಕೊಟ್ಟರು. 1853ರ ಎನ್‌ಫೀಲ್ಡ್ ಕೋವಿಯ ಪೊಟ್ಟಣದಲ್ಲಿದ್ದುದು ಎರಡೂವರೆ ಡ್ರಾಮ್ ಮಸಿ, ಅಂದರೆ ಸುಮಾರು 68 ಗ್ರೇನ್. ಆ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿ 1857ರಲ್ಲಿ ಏನಾಯಿತೆಂದು ಶಾಲೆಯಲ್ಲಿ ಓದಿದ್ದೇವೆ.

ಡ್ರಾಮ್ ಕೂಡ ಗ್ರೇನಿನಂತೆಯೇ ತೂಕದ ಪದ, ಒಂದು ಔನ್ಸಿನ ಹದಿನಾರನೇ ಒಂದು ಪಾಲು. ಇವತ್ತಿಗೂ ಅಮೆರಿಕದ ಶಾಟ್‌ಗನ್ ತೋಟಾ ಪೆಟ್ಟಿಗೆಗಳ ಮೇಲೆ 'ಮೂರು ಡ್ರಾಮ್‌ಗೆ ಸಮ' ಎಂಬರ್ಥದ ಒಕ್ಕಣೆ ಸಿಗುತ್ತದೆ. ಮೂರು ಡ್ರಾಮ್ ಕರಿಮದ್ದು ಹಾಕಿದ್ದರೆ ಎಷ್ಟು ವೇಗ ಬರುತ್ತಿತ್ತೋ ಅಷ್ಟು ವೇಗ ಎಂದು ಅದರ ಲೆಕ್ಕ. ತೋಟಾ ಬಿಚ್ಚಿ ತೂಗಿದರೆ ಒಳಗೆ ಮೂರು ಡ್ರಾಮ್ ಮದ್ದೂ ಇಲ್ಲ, ಚಿಟಿಕೆ ಕರಿಮದ್ದೂ ಇಲ್ಲ.