ದಿನಾ ವಾಕಿಂಗ್ ಮಾಡಿದರೆ ಮೂಳೆಗೆ ಸಾಕಾ?

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಊರು ತುಮಕೂರು. ದಿನಾ ಬೆಳಿಗ್ಗೆ ಅಮಾನಿಕೆರೆ ಹತ್ತಿರ ಮುಕ್ಕಾಲು ಗಂಟೆ ನಡೆಯುತ್ತೇನೆ. ಮೂಳೆ ಸವೆಯದಿರಲು ಇಷ್ಟು ಸಾಕಲ್ವಾ?

ಉತ್ತರ: ಬಿಪಿ, ಶುಗರ್‌ಗೆ ಒಳ್ಳೆಯದು. ಮೂಳೆಗೆ ಸಾಲದು. ವಾಕಿಂಗ್ ಬಿಡಬೇಡಿ, ಅದರ ಜೊತೆ ಭಾರ ಎತ್ತಿ.

ಮೂಳೆಯ ಒಳಗೆ ಹಳೆಯದನ್ನು ಕರಗಿಸುವುದು, ಹೊಸದನ್ನು ಕಟ್ಟುವುದು ಎರಡೂ ಸದಾ ನಡೆದಿರುತ್ತವೆ. ಭಾರ ಬಿದ್ದ ಕಡೆ ಕಟ್ಟುವ ಕೆಲಸ ಜಾಸ್ತಿಯಾಗುತ್ತದೆ. ಟೆನಿಸ್ ಆಟಗಾರರ ರ‍್ಯಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ಗಟ್ಟಿ. ಆದರೆ ದಿನಾ ಅದೇ ದಾರಿ, ಅದೇ ವೇಗ ಅಂದರೆ ಮೂಳೆ ಅದಕ್ಕೆ ಒಗ್ಗಿಹೋಗುತ್ತದೆ.

ಮೂಳೆಯ ಗಳಿಕೆಯೆಲ್ಲ ಚಿಕ್ಕ ವಯಸ್ಸಿನದು. ಸುಮಾರು ಶೇ. 90ರಷ್ಟು ಇಪ್ಪತ್ತರ ಒಳಗೇ ಕೂಡಿಬಿಡುತ್ತದೆ. ಹೆಣ್ಣುಮಕ್ಕಳು ಮೈನೆರೆಯುವ ಆಸುಪಾಸಿನ ವರ್ಷಗಳಲ್ಲಂತೂ ಭರದಿಂದ. ನಮ್ಮ ಮನೆಗಳಲ್ಲಿ ‘ದೊಡ್ಡವಳಾದೆ, ಕುಣಿದಾಡಬೇಡ’ ಅಂತ ಕೂರಿಸುವುದೂ ಸರಿಯಾಗಿ ಆಗಲೇ! ಸ್ಕಿಪ್ಪಿಂಗ್, ಕುಂಟೆಬಿಲ್ಲೆ, ಖೋಖೋ ಆಡುವವಳನ್ನು ಆಡಲು ಬಿಡಿ. ಮೂವತ್ತರಿಂದ ನಲವತ್ತೈದರವರೆಗೆ ಇದ್ದದ್ದನ್ನು ಉಳಿಸಿಕೊಂಡರಾಯಿತು.

ನಿಮ್ಮದು ನಾಜೂಕಿನ ಸಮಯ. ಮುಟ್ಟು ನಿಂತ ಮೇಲೆ ಮೂಳೆ ಕಾಯುವ ಈಸ್ಟ್ರೋಜನ್ ಹಾರ್ಮೋನ್ ಇಳಿದು, ಮೊದಲ ಐದಾರು ವರ್ಷಗಳಲ್ಲೇ ಕೆಲವರ ಮೂಳೆ ಶೇ. 20ರವರೆಗೂ ಸವೆಯಬಹುದು. ಈಗ ವ್ಯಾಯಾಮದಿಂದ ಆಗುವುದು ಹೆಚ್ಚಾಗಿ ಸವೆತ ತಡೆಯುವ ಕೆಲಸ. ಆದರೂ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಮುಟ್ಟು ನಿಂತು ಮೂಳೆ ಸವೆದಿದ್ದ ಹೆಂಗಸರು ತರಬೇತುದಾರರ ಎದುರು ವಾರಕ್ಕೆರಡು ದಿನ, ಅರ್ಧ ಗಂಟೆ ಜೋರಾಗಿ ಭಾರ ಎತ್ತಿದರು. ಎಂಟು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 3 ಏರಿತ್ತು.

ಮನೆಯಲ್ಲಿ ಹೀಗೆ ಶುರುಮಾಡಿ. ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈ ಊರದೆ ಎದ್ದು ನಿಲ್ಲಿ, ನಿಧಾನವಾಗಿ ಕೂರಿ. ಹತ್ತು ಸಲ ಸಲೀಸಾದರೆ ಎರಡು ಕೆಜಿ ರಾಗಿಹಿಟ್ಟಿನ ಚೀಲ ಎದೆಗವಚಿಕೊಂಡು ಮಾಡಿ. ಅದೂ ಹಗುರ ಅನ್ನಿಸಿದರೆ ಐದು ಕೆಜಿ. ಸುಮ್ನೆ ಅರ್ಧ ಕೆಜಿ ಡಂಬೆಲ್ ಬೀಸಿದರೆ ಪ್ರಯೋಜನ ಕಡಿಮೆ. ವಾರಕ್ಕೆ ಎರಡು ಮೂರು ದಿನ ಸಾಕು. ಮಂಡಿ, ಸೊಂಟದ ತೊಂದರೆಯಿದ್ದರೆ, ಹಿಂದೆ ಮೂಳೆ ಮುರಿದಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಮೂಳೆ ಟೊಳ್ಳಾಗಿದೆ ಎಂದು ಗೊತ್ತಿದ್ದವರು ಬೆನ್ನು ಬಾಗಿಸಿ ಕಾಲ್ಬೆರಳು ಮುಟ್ಟುವ ಆಸನಗಳಿಂದ ದೂರವಿರಿ. ಬೆನ್ನುಮೂಳೆ ಕುಸಿಯಬಹುದು.

ಎಪ್ಪತ್ತು ದಾಟಿದವರು ಬೀಳದಿರುವುದೇ ಮುಖ್ಯ. ಅಡುಗೆಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲುವುದು ಅವರಿಗೆ ಒಳ್ಳೆಯ ಅಭ್ಯಾಸ.

ಊಟದ ಮಟ್ಟಿಗೆ ನಾವು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನೀರಿನದೇ ತಕರಾರು. ಪಾವಗಡ, ಶಿರಾ, ಬಾಗೇಪಲ್ಲಿ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಾನುಗಟ್ಟಲೆ ಕುಡಿದವರ ಮೂಳೆ, ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ದಟ್ಟವಾಗಿಯೇ ಕಾಣಬಹುದು, ಒಳಗೆ ಮಾತ್ರ ಪೆಡಸಾಗಿ ಬೇಗ ಮುರಿಯುವಂತಿರುತ್ತದೆ. ಸ್ಕ್ಯಾನ್ ಮಾಡಿಸುವಾಗ ಯಾವ ಊರಿನ ನೀರು ಕುಡಿದು ಬೆಳೆದಿರಿ ಎಂದು ಡಾಕ್ಟರಿಗೆ ಹೇಳಿ.